ಹಳೆ ಜೀನ್ಸಿನ ಒಳಜೇಬು

ಬಟ್ಟೆಯ ವಿಷಯದಲ್ಲಿ ನಮ್ಮವರ ಮನಸ್ಸು ಸ್ವಲ್ಪ ವಿಚಿತ್ರವಾದದ್ದು. ಹುಟ್ಟಿದ ಮಗುವಿನ ಮೈಗೆ ಹೊಸ ಬಟ್ಟೆ ಒರಟಾಗುತ್ತದೆಂದು ಅಜ್ಜಿಯ ಹಳೆಯ ನೂಲಿನ ಸೀರೆಯನ್ನೇ ಹರಿದು ಹಾಸುತ್ತೇವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಉಟ್ಟು ಮೆತ್ತಗಾದ ಸೀರೆ, ಧೋತರಗಳೆಲ್ಲ ಸೇರಿ ಕೌದಿಯಾಗುತ್ತವೆ. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ ಬರುವುದನ್ನು ಯಾರೂ ಕೊರತೆ ಎಂದುಕೊಳ್ಳುವುದಿಲ್ಲ. ಆದರೆ ಗುರುತು ಪರಿಚಯವಿಲ್ಲದವರು ತೊಟ್ಟು ಬಿಟ್ಟ ಪ್ಯಾಂಟನ್ನು ಹಣ ಕೊಟ್ಟು ಕೊಳ್ಳುವುದು ಎಂದರೆ ತಕ್ಷಣ ಮೂಗು ಮುರಿಯುತ್ತೇವೆ. ಗಲ್ಫಿಗೆ ಬಂದ ಮೇಲಂತೂ ಈ ಅಭಿಮಾನ ಇನ್ನಷ್ಟು ಗಟ್ಟಿಯಾಯಿತು. ಊರಿಗೆ ಹೊರಟಾಗ ಪೆಟ್ಟಿಗೆಯಲ್ಲಿ ಮಡಚಿಟ್ಟ ಜೀನ್ಸಿನ ಬೆಲೆಚೀಟಿಯನ್ನು ಕೀಳದೆ ಹಾಗೇ ಒಯ್ದವರು ನಮ್ಮಲ್ಲಿ ಎಷ್ಟೋ ಮಂದಿ. ಅದು ಹೊಸದು ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ.

ಈಗ ಅದೇ ಮನೆಗಳ ಮಕ್ಕಳು ಅಮೆರಿಕದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆಗಳಲ್ಲಿ ನೌಕರಿಯಲ್ಲಿದ್ದಾರೆ. ಕೈತುಂಬ ಸಂಬಳ ಬರುವ ಈ ಹುಡುಗ ಹುಡುಗಿಯರು ದೊಡ್ಡ ಫ್ಯಾಷನ್ ಮನೆತನಗಳ ಜೀನ್ಸನ್ನು, ಮತ್ತೊಬ್ಬರು ತೊಟ್ಟು ಬಿಟ್ಟದ್ದನ್ನೇ ಹುಡುಕಿ ಕೊಳ್ಳುತ್ತಾರೆ. 'ಹಳೇದಕ್ಕೆ ಇಷ್ಟು ದುಡ್ಡೇ?' ಎಂದು ಫೋನಿನಲ್ಲಿ ಅಮ್ಮಂದಿರು ಗದರಿಸುತ್ತಾರೆ. ಅಮ್ಮಂದಿರ ಪ್ರಶ್ನೆ ತಪ್ಪಲ್ಲ. ತೊಟ್ಟು ಮಾಸಿದ ಬಟ್ಟೆಗೆ ಬೆಲೆ ಇಳಿಯಬೇಕು. ಅದು ಏರಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ಸ್ಯಾನ್ ಫ್ರಾನ್ಸಿಸ್ಕೋಗಿಂತ ಸರಿಯಾದ ಊರಿಲ್ಲ. ಏಕೆಂದರೆ ನಾವು ಇಂದು ತೊಡುವ ಜೀನ್ಸ್ ವ್ಯಾಪಾರಕ್ಕೆ ಇಳಿದದ್ದೂ ಅಲ್ಲೇ, ಹಳೆ ಜೀನ್ಸಿನ ವ್ಯಾಪಾರ ದೊಡ್ಡ ಉದ್ದಿಮೆಯಾಗಿ ಬೆಳೆದದ್ದೂ ಅಲ್ಲೇ.

ಮೊದಲು ಬಟ್ಟೆಯ ಮಾತು. ಡೆನಿಮ್ ಎಂಬ ಹೆಸರು ಫ್ರಾನ್ಸಿನ ನೀಮ್ ಪಟ್ಟಣದಿಂದ, ಜೀನ್ಸ್ ಎಂಬುದು ಇಟಲಿಯ ಜೆನೋವಾ ಬಂದರಿನಿಂದ ಬಂದವು ಎಂದು ಹೇಳುತ್ತಾರೆ. ಅದೇ ಬಗೆಯ ಒರಟು ಬಟ್ಟೆಗೆ ಇಂಗ್ಲಿಷಿನವರು ಇಟ್ಟ ಇನ್ನೊಂದು ಹೆಸರು ಡಂಗರಿ. ಅದು ನಮ್ಮ ಮುಂಬಯಿಯ ಡೋಂಗ್ರಿಯ ಹೆಸರು. ಇನ್ನು ಅದರ ನೀಲಿ ಬಣ್ಣಕ್ಕೆ ಇಂಗ್ಲಿಷಿನಲ್ಲಿರುವ ಇಂಡಿಗೋ ಎಂಬ ಪದದ ಮೂಲಾರ್ಥವೇ 'ಇಂಡಿಯಾದ್ದು' ಎಂದು. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತರುವವರೆಗೂ ಜಗತ್ತಿನ ನೀಲಿಯ ದೊಡ್ಡ ಪಾಲು ನಮ್ಮ ದೇಶದ ಹೊಲಗಳಲ್ಲೇ ಬೆಳೆಯುತ್ತಿತ್ತು. 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದದ್ದು ಆ ನೀಲಿ ಬೆಳೆಯುವ ರೈತರ ಗೋಳು ಕೇಳಲೆಂದೇ.

ಡೆನಿಮ್ಮಿನಲ್ಲಿ ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ. ನೀಲಿ ಬಣ್ಣ ನೂಲಿನ ಒಳಗೆ ಪೂರ್ತಿ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಹಾಗಾಗಿ ಉಜ್ಜಿದ ಕಡೆಯಲ್ಲೆಲ್ಲ ಬಣ್ಣ ಬಿಟ್ಟು ಒಳಗಿನ ಬಿಳಿ ಕಾಣುತ್ತದೆ. ಮೊಣಕಾಲೂರಿ ಕೆಲಸ ಮಾಡುವವನ ಪ್ಯಾಂಟು ಮೊಣಕಾಲಿನಲ್ಲಿ, ಜೇಬಿನಲ್ಲಿ ಡಬ್ಬಿ ಇಡುವವನದು ಜೇಬಿನ ಮೇಲೆ ಮಾಸುತ್ತದೆ. ತೊಟ್ಟವನ ಬದುಕು ಬಟ್ಟೆಯ ಮೇಲೆ ಹೀಗೆ ದಾಖಲಾಗುತ್ತದೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಜೀನ್ಸನ್ನು ವ್ಯಾಪಾರಕ್ಕೆ ತಂದ ಇಬ್ಬರೂ ನಮ್ಮಂತೆ ಊರು ಬಿಟ್ಟು ಬಂದವರು. ಲೀವೈ ಸ್ಟ್ರಾಸ್ 1829ರಲ್ಲಿ ಬವೇರಿಯಾದ ಬುಟನ್‌ಹೈಮ್ ಎಂಬ ಹಳ್ಳಿಯ ಯಹೂದಿ ಮನೆಯಲ್ಲಿ ಹುಟ್ಟಿ, ನ್ಯೂಯಾರ್ಕಿಗೆ ವಲಸೆ ಬಂದು, ಚಿನ್ನದ ಹುಚ್ಚು ಹಿಡಿದಿದ್ದ ಕಾಲದಲ್ಲಿ, 1853ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸೇರಿದ. ಅವನು ಚಿನ್ನ ಅಗೆಯಲಿಲ್ಲ, ಜವಳಿಯ ಸಗಟು ಅಂಗಡಿ ತೆರೆದ. ಅವನ ಗಿರಾಕಿಗಳಲ್ಲಿ ಜೇಕಬ್ ಡೇವಿಸ್ ಒಬ್ಬ. ಅವನು ರೀಗಾದಿಂದ ಬಂದು ನೆವಾಡಾದ ರೀನೋ ಎಂಬಲ್ಲಿ ನೆಲೆಸಿದ್ದ ದರ್ಜಿ. ತನ್ನ ಗಂಡನ ಪ್ಯಾಂಟು ಬೇಗ ಹರಿಯುತ್ತದೆಂದು ಮರ ಕಡಿಯುವವನೊಬ್ಬನ ಹೆಂಡತಿ ಬಂದು ಹೇಳಿದಾಗ, ಡೇವಿಸ್ ಕುದುರೆಯ ಹೊದಿಕೆಗೆ ಹೊಡೆಯುವ ತಾಮ್ರದ ರಿವೆಟ್ಟುಗಳನ್ನು ಜೇಬಿನ ಮೂಲೆಗಳಿಗೆ ಬಡಿದುಕೊಟ್ಟ. ಅದಕ್ಕೆ ಬೇಡಿಕೆ ಬಂತು. ಪೇಟೆಂಟ್ ಮಾಡಿಸಲು ಕೈಯಲ್ಲಿ ಹಣವಿಲ್ಲದೆ 1872ರಲ್ಲಿ ಸ್ಟ್ರಾಸ್‌ಗೆ ಪತ್ರ ಬರೆದ. ಇಬ್ಬರ ಹೆಸರಿನಲ್ಲಿ 1873ರ ಮೇ 20ರಂದು 139,121ನೇ ನಂಬರಿನ ಪೇಟೆಂಟ್ ಸಿಕ್ಕಿತು. ಡೇವಿಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ತಯಾರಿಕೆಯ ಉಸ್ತುವಾರಿ ವಹಿಸಿಕೊಂಡ.

ಆಗ ಅದರ ಹೆಸರು ಜೀನ್ಸ್ ಅಲ್ಲ, ಓವರಾಲ್ಸ್. ಗಣಿಯವರು, ದನ ಕಾಯುವವರು, ರೈಲ್ವೆಯವರು ತೊಡುವ ದುಡಿಮೆಯ ಬಟ್ಟೆ. ಹರಿದರೆ ತೇಪೆ ಹಾಕುತ್ತಿದ್ದರು, ತೇಪೆಯೂ ನಿಲ್ಲದಾದಾಗ ಎಸೆಯುತ್ತಿದ್ದರು. ಮದುವೆ ಸೀರೆಯನ್ನು ಪೆಟ್ಟಿಗೆಯಲ್ಲಿಡುವಂತೆ ಯಾರೂ ಅದನ್ನು ಕಾಪಾಡಲಿಲ್ಲ. ಆ ಕಾಲದ ಪ್ಯಾಂಟು ಇಂದು ಇಷ್ಟು ಅಪರೂಪವಾಗಿರುವುದಕ್ಕೆ ಮೊದಲ ಕಾರಣ ಇದು.

ಎರಡನೆಯ ಕಾರಣ ಬೆಂಕಿ. 1906ರ ಏಪ್ರಿಲ್ 18ರ ಭೂಕಂಪ ಮತ್ತು ಅದರ ಹಿಂದೆಯೇ ಬಂದ ಅಗ್ನಿಯಲ್ಲಿ ಲೀವೈ ಸ್ಟ್ರಾಸ್ ಕಂಪನಿಯ ಮುಖ್ಯ ಕಚೇರಿ ಸುಟ್ಟುಹೋಯಿತು. ಲೆಕ್ಕಪುಸ್ತಕ, ಕಾಗದಪತ್ರ, ಮಾದರಿ ಬಟ್ಟೆ ಎಲ್ಲವೂ ಬೂದಿಯಾದವು. ಸ್ಟ್ರಾಸ್ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದ. ಅವನ ಅಕ್ಕನ ಮಕ್ಕಳು ಅದೇ ವರ್ಷ ವಲೆನ್ಸಿಯಾ ರಸ್ತೆಯಲ್ಲಿ ಹೊಸ ಕಾರ್ಖಾನೆ ಕಟ್ಟಿ ಹೊಲಿಗೆ ಮುಂದುವರಿಸಿದರು. ಆದರೆ ಕಳೆದುಹೋದ ಮೂವತ್ತು ವರ್ಷದ ಕಥೆಯನ್ನು ಕಟ್ಟಲಾಗಲಿಲ್ಲ. ದಾಖಲೆ ಇಲ್ಲದ ಕಡೆ ದಂತಕಥೆ ಬೆಳೆಯುತ್ತದೆ. ಸ್ಟ್ರಾಸ್ ಡೇರೆಯ ಬಟ್ಟೆಯಿಂದ ಗಣಿಯವರಿಗೆ ಜೀನ್ಸ್ ಹೊಲಿದುಕೊಟ್ಟ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ವಾಸ್ತವದಲ್ಲಿ 1873ಕ್ಕೆ ಮೊದಲು ಅವನು ರಿವೆಟ್ ಹೊಡೆದ ಪ್ಯಾಂಟು ಮಾರಲೇ ಇಲ್ಲ.

ಕಾಗದ ಸುಟ್ಟುಹೋದ ಮೇಲೆ ಉಳಿದ ಸಾಕ್ಷಿ ಒಂದೇ: ಹಳೆ ಪ್ಯಾಂಟು. ಶಾಸನ ಓದುವವರು ಅಕ್ಷರದ ತಿರುವು ನೋಡಿ ಶತಮಾನ ಹೇಳುವಂತೆ, ಹಳೆ ಲೀವೈಸ್ ಓದುವವರು ಹೊಲಿಗೆ ನೋಡಿ ಕಾಲ ಹೇಳುತ್ತಾರೆ. ಹಿಂದೆ ಒಂದೇ ಜೇಬಿದ್ದರೆ ಅದು 1901ಕ್ಕಿಂತ ಹಿಂದಿನದು. ಬೆಲ್ಟಿನ ಕುಣಿಕೆಗಳು ಬಂದದ್ದು 1922ರಲ್ಲಿ. ಹಿಂಜೇಬಿನ ಬದಿಯ ಕೆಂಪು ಪಟ್ಟಿ ಬಂದದ್ದು 1936ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೂಲು ಉಳಿಸಬೇಕೆಂದು ಹಿಂಜೇಬಿನ ಕಮಾನಿನ ಹೊಲಿಗೆಯನ್ನು ಬಿಟ್ಟು ಬಣ್ಣದಿಂದ ಬರೆದರು. ಆ ಬಣ್ಣ ಒಗೆತದಲ್ಲಿ ಹೋಯಿತು, ಆದ್ದರಿಂದ ಕಮಾನಿಲ್ಲದ ಪ್ಯಾಂಟು ಯುದ್ಧಕಾಲದ್ದಿರಬಹುದು. ಕೆಂಪು ಪಟ್ಟಿಯ ಮೇಲೆ ಕಂಪನಿಯ ಹೆಸರಿನ ಇಂಗ್ಲಿಷಿನ 'ಇ' ಅಕ್ಷರ ದೊಡ್ಡದಿದ್ದರೆ 1971ಕ್ಕೆ ಹಿಂದಿನದು, ಚಿಕ್ಕದಿದ್ದರೆ ಈಚಿನದು. ಈ ಒಂದು ಅಕ್ಷರದ ಮೇಲೆಯೇ ಹಳೆ ಬಟ್ಟೆಯ ಅಂಗಡಿಗಳಲ್ಲಿ ಬೆಲೆ ಹಲವು ಪಟ್ಟು ಬದಲಾಗುತ್ತದೆ. ಒಗೆಯುವ ವಿಧಾನ ತಿಳಿಸುವ ಪಟ್ಟಿಯನ್ನು ಅಮೆರಿಕ ಸರ್ಕಾರ ಕಡ್ಡಾಯ ಮಾಡಿದ್ದು 1970ರ ದಶಕದ ಆರಂಭದಲ್ಲಿ. ನಾವು ಚುಚ್ಚುತ್ತದೆಂದು ಕತ್ತರಿಸಿ ಎಸೆಯುವ ಆ ಪುಟ್ಟ ಪಟ್ಟಿಯೂ ಒಂದು ಕಾಲಸೂಚಿ.

ದುಡಿಮೆಯ ಬಟ್ಟೆ ಫ್ಯಾಷನ್ ಮನೆತನಗಳ ಮೆಟ್ಟಿಲು ಹತ್ತಿದ್ದು 1970ರ ದಶಕದಲ್ಲಿ. ಕ್ಯಾಲ್ವಿನ್ ಕ್ಲೈನ್ ಹೆಸರಿನ ಜೀನ್ಸ್ ಆಗ ಬಂತು. ಶ್ರೀಮಂತ ವ್ಯಾಂಡರ್‌ಬಿಲ್ಟ್ ಮನೆತನದ ಗ್ಲೋರಿಯಾ ವ್ಯಾಂಡರ್‌ಬಿಲ್ಟ್ ಹೆಸರು ಹೊತ್ತ, ಹಂಸದ ಗುರುತಿನ ಜೀನ್ಸನ್ನು ಅಮೆರಿಕದ ಮನೆಮನೆಗೆ ತಲುಪಿಸಿದ್ದು ಮೋಹನ್ ಮುರ್ಜಾನಿ ಎಂಬ ಭಾರತೀಯ ಮೂಲದ ಉದ್ಯಮಿ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅಂದಿನಿಂದ ಜನ ಬಟ್ಟೆಯ ಗಟ್ಟಿತನಕ್ಕಿಂತ ಹಿಂಜೇಬಿನ ಹೆಸರಿಗೆ ಹೆಚ್ಚು ಹಣ ಕೊಡತೊಡಗಿದರು. 1998ರ ಅಕ್ಟೋಬರಿನಲ್ಲಿ ಇಟಲಿಯ ಗುಚ್ಚಿ, ಮಿಲಾನಿನಲ್ಲಿ ಒಂದು ಜೀನ್ಸನ್ನು 3,134 ಡಾಲರಿಗೆ ಮಾರಾಟಕ್ಕಿಟ್ಟಿತು. ಅಂದಿನ ಅತಿ ದುಬಾರಿ ಜೀನ್ಸ್ ಎಂದು ಅದು ಗಿನ್ನೆಸ್ ದಾಖಲೆಗೂ ಸೇರಿತು. ಹೊಚ್ಚ ಹೊಸ ಪ್ಯಾಂಟು, ಆದರೆ ಬೇಕೆಂದೇ ಮಾಸಿಸಿ, ಹರಿದು, ಮಣಿ ಪೋಣಿಸಿದ್ದು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಗಣಿಯವನ ಮೊಣಕಾಲು ಹತ್ತು ವರ್ಷದಲ್ಲಿ ಮಾಡಿದ ಕೆಲಸವನ್ನು ಕಾರ್ಖಾನೆ ಒಂದು ದಿನದಲ್ಲಿ ಮಾಡಿ, ಅದಕ್ಕೆ ಹೆಚ್ಚಿನ ಬೆಲೆ ಹಚ್ಚಿತು. ಹಾಗಾದರೆ ನಿಜವಾಗಿ ಹತ್ತು ವರ್ಷ ತೊಟ್ಟು ಮಾಸಿದ ಪ್ಯಾಂಟಿನ ಬೆಲೆ ಎಷ್ಟಾಗಬೇಕು? ಈ ಪ್ರಶ್ನೆಯನ್ನು ಮೊದಲು ಕೇಳಿಕೊಂಡವರಲ್ಲಿ ಜಪಾನಿನ ಸಂಗ್ರಾಹಕರು ಮುಖ್ಯರು. 1980, 90ರ ದಶಕಗಳಲ್ಲಿ ಅವರ ವ್ಯಾಪಾರಿಗಳು ಅಮೆರಿಕದ ಪಶ್ಚಿಮ ರಾಜ್ಯಗಳ ಹಳೆಯ ಅಂಗಡಿ, ಗೋದಾಮುಗಳನ್ನು ಜಾಲಾಡಿ ಹಳೆ ಜೀನ್ಸ್ ಒಯ್ದರು.

ಬೇ ಏರಿಯಾದಲ್ಲಿ ನೆಲ ಆಗಲೇ ಹದವಾಗಿತ್ತು. ಹಿಪ್ಪಿಗಳ ಕಾಲದಿಂದಲೂ ಸ್ಯಾನ್ ಫ್ರಾನ್ಸಿಸ್ಕೋದ ಹೇಟ್ ರಸ್ತೆಯ ಯುವಜನರಿಗೆ ಹಳೆ ಬಟ್ಟೆ ಎಂದರೆ ಬಡತನದ ಗುರುತಾಗಿರಲಿಲ್ಲ, ಅಂಗಡಿಯ ಹೊಸತನ್ನು ಧಿಕ್ಕರಿಸುವ ಗುರುತಾಗಿತ್ತು. ಕೊಲ್ಲಿಯ ಆಚೆ ಬರ್ಕ್‌ಲಿಯಲ್ಲಿ 1991ರಲ್ಲಿ ಶುರುವಾದ ಕ್ರಾಸ್‌ರೋಡ್ಸ್ ಟ್ರೇಡಿಂಗ್ ಎಂಬ ಅಂಗಡಿ, ಜನ ತಂದುಕೊಡುವ ಬಟ್ಟೆಯನ್ನು ಎದುರಿಗೇ ಆರಿಸಿ ಕೊಂಡು ಮಾರುವ ಪದ್ಧತಿಯಿಂದ ಬೆಳೆಯಿತು. 1995ರಲ್ಲಿ ಸ್ಯಾನ್ ಹೋಸೆಯಲ್ಲಿ ಇಬೇ ಹುಟ್ಟಿತು. ಅದರೊಂದಿಗೆ ಹಳೆ ಜೀನ್ಸಿನ ಸಂತೆ ಇಡೀ ಜಗತ್ತಿಗೆ ಹಬ್ಬಿತು.

ಆಗ ನಡೆದ ಒಂದು ಸಂಗತಿ ನಮ್ಮ ಕಥೆಯ ನಡುಗಂಬ. ನೆವಾಡಾದ ಗಣಿಯೂರೊಂದರ ಮಣ್ಣಿನಲ್ಲಿ 1880ರ ದಶಕದ ಲೀವೈಸ್ ಒಂದು ಸಿಕ್ಕಿತು. 2001ರಲ್ಲಿ ಅದು ಇಬೇ ಹರಾಜಿಗೆ ಬಂತು. 46,532 ಡಾಲರ್ ಕೊಟ್ಟು ಕೊಂಡವರು ಯಾರು? ಸ್ವತಃ ಲೀವೈ ಸ್ಟ್ರಾಸ್ ಕಂಪನಿ. ಒಂದು ಕಾಲದಲ್ಲಿ ಕೆಲವೇ ಡಾಲರಿಗೆ ತಾನೇ ಮಾರಿದ್ದ ಪ್ಯಾಂಟನ್ನು, ಯಾರೋ ತೊಟ್ಟು ಎಸೆದದ್ದನ್ನು, ತಾನೇ ಮರಳಿ ಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಟರಿ ರಸ್ತೆಯಲ್ಲಿರುವ ಕಂಪನಿಯ ಸಂಗ್ರಹಾಲಯದಲ್ಲಿ ಇಂಥ ಪ್ಯಾಂಟುಗಳನ್ನು ಬೆಂಕಿ ತಾಗದ ಕಪಾಟಿನಲ್ಲಿಟ್ಟಿದ್ದಾರೆ. 1906ರಲ್ಲಿ ಕಳೆದುಕೊಂಡ ಇತಿಹಾಸವನ್ನು ಅದು ಸಂತೆಯಿಂದ ಒಂದೊಂದಾಗಿ ಖರೀದಿಸುತ್ತಿದೆ. ಅಮ್ಮಂದಿರ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಕಂಪನಿ ಹಣ ಕೊಟ್ಟದ್ದು ಬಟ್ಟೆಗಲ್ಲ, ಸಾಕ್ಷಿಗೆ.

ಆದರೆ ಸಾಕ್ಷಿಗೆ ಬೆಲೆ ಬಂದ ಕಡೆ ಸುಳ್ಳುಸಾಕ್ಷಿಯೂ ಬರುತ್ತದೆ. ಗಲ್ಫಿನ ಸಂದುಗೊಂದಿಗಳಲ್ಲಿ ಹತ್ತು ದಿರ್ಹಮಿಗೆ ದೊಡ್ಡ ಹೆಸರಿನ ಚೀಲ ತೋರಿಸುವವರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ದಿ ರಿಯಲ್‌ರಿಯಲ್ ಎಂಬ ಕಂಪನಿ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡಿತು. ದೊಡ್ಡ ಮನೆತನಗಳ ಬಳಸಿದ ಬಟ್ಟೆ, ಚೀಲ, ಒಡವೆಗಳನ್ನು ತರಿಸಿಕೊಂಡು, ಪರೀಕ್ಷಕರಿಂದ ಅಸಲಿತನ ನೋಡಿಸಿ ಮಾರುವುದು ಅದರ ಕೆಲಸ. ಅದೇ ವರ್ಷ ಮನೀಶ್ ಚಂದ್ರ ಎಂಬ ಭಾರತೀಯ ಮತ್ತು ಸಂಗಡಿಗರು ಕಟ್ಟಿದ ಪಾಶ್‌ಮಾರ್ಕ್, ಕೊಲ್ಲಿಯ ದಕ್ಷಿಣಕ್ಕೆ ರೆಡ್‌ವುಡ್ ಸಿಟಿಯಲ್ಲಿ ನೆಲೆ ನಿಂತು, ಮನೆಯ ಕಪಾಟನ್ನೇ ಅಂಗಡಿ ಮಾಡಿಕೊಳ್ಳಲು ಜನರಿಗೆ ದಾರಿ ಮಾಡಿಕೊಟ್ಟಿತು.

ಒಬ್ಬರ ಹೆಸರಿನ ಸರಕನ್ನು ಇನ್ನೊಬ್ಬರು ಹೀಗೆ ಮತ್ತೆ ಮಾರಬಹುದೇ? ಈ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು 1947ರಲ್ಲೇ ದಾರಿ ತೋರಿತ್ತು. ಮೋಟಾರಿನ ಹಳೆಯ ಸ್ಪಾರ್ಕ್ ಪ್ಲಗ್ಗುಗಳನ್ನು ಸರಿಪಡಿಸಿ, ಚಾಂಪಿಯನ್ ಎಂಬ ಮೂಲ ಹೆಸರಿನಲ್ಲೇ ಮಾರುತ್ತಿದ್ದವರ ಮೇಲೆ ಆ ಕಂಪನಿ ಹೂಡಿದ ಮೊಕದ್ದಮೆ ಅದು. ಬಳಸಿದ್ದು, ಸರಿಪಡಿಸಿದ್ದು ಎಂದು ಸ್ಪಷ್ಟವಾಗಿ ಬರೆದು ಮಾರುವುದಾದರೆ ಮೂಲ ಹೆಸರು ಉಳಿಸಿಕೊಳ್ಳಬಹುದು ಎಂದು ಕೋರ್ಟು ಹೇಳಿತು. ಹಳತನ್ನು ಹಳತೆಂದು ಹೇಳಿ ಮಾರುವುದು ತಪ್ಪಲ್ಲ, ಹೊಸತೆಂದು ನಂಬಿಸುವುದು ತಪ್ಪು. ನಮ್ಮ ಊರಿನ ಸಂತೆಯ ನೀತಿಯೂ ಇದೇ ಅಲ್ಲವೇ?

ಆದರೂ ಜಗಳ ನಿಲ್ಲಲಿಲ್ಲ. 2018ರ ನವೆಂಬರಿನಲ್ಲಿ ಫ್ರಾನ್ಸಿನ ಶನೆಲ್, ತನ್ನ ಹೆಸರಿನ ನಕಲಿ ಚೀಲಗಳು ಮಾರಾಟವಾಗಿವೆ ಎಂದು ದಿ ರಿಯಲ್‌ರಿಯಲ್ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಕಂಪನಿ ಆರೋಪವನ್ನು ಅಲ್ಲಗಳೆಯಿತು. ಆದರೆ ಎರಡೇ ವರ್ಷದಲ್ಲಿ, 2020ರ ಅಕ್ಟೋಬರಿನಲ್ಲಿ, ಗುಚ್ಚಿ ಅದೇ ಕಂಪನಿಯೊಂದಿಗೆ ಕೈಜೋಡಿಸಿತು. ಅದೇ ತಿಂಗಳು ಲೀವೈ ಸ್ಟ್ರಾಸ್ ಕೂಡ ತನ್ನ ಹಳೆಯ ಜೀನ್ಸನ್ನು ಜನರಿಂದ ಮರಳಿ ಪಡೆದು, ಒಗೆದು ಮಾರುವ ಯೋಜನೆ ತಂದಿತು. ಇದರ ಹಿಂದೆ ನೀರಿನ ಲೆಕ್ಕವೂ ಇದೆ. ಒಂದು ಜೀನ್ಸಿಗೆ ಹತ್ತಿಯ ಹೊಲದಿಂದ ಹಿಡಿದು ಮನೆಯ ಒಗೆತದವರೆಗೆ ಸುಮಾರು 3,800 ಲೀಟರ್ ನೀರು ಬೇಕೆಂದು ಆ ಕಂಪನಿಯೇ ಲೆಕ್ಕ ಹಾಕಿ ಪ್ರಕಟಿಸಿದೆ. ಸಮುದ್ರದ ನೀರನ್ನು ಸಿಹಿ ಮಾಡಿ ಕುಡಿಯುವ ನಾಡಿನಲ್ಲಿರುವ ನಮಗೆ ಈ ಸಂಖ್ಯೆಯ ಭಾರ ಬೇಗ ಅರ್ಥವಾಗುತ್ತದೆ.

ಕೊನೆಯದಾಗಿ 2022ರ ಎರಡು ಹರಾಜುಗಳ ಕಥೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಚಿನ್ನ ಹೊತ್ತು ಪನಾಮಾಕ್ಕೆ ಇಳಿದವರನ್ನು ಅಲ್ಲಿಂದ ನ್ಯೂಯಾರ್ಕಿಗೆ ಒಯ್ಯುತ್ತಿದ್ದ ಎಸ್‌ಎಸ್ ಸೆಂಟ್ರಲ್ ಅಮೆರಿಕ ಎಂಬ ಹಡಗು 1857ರ ಸೆಪ್ಟೆಂಬರಿನಲ್ಲಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತ್ತು. ಕಡಲತಳದಿಂದ ಎತ್ತಿದ ಪೆಟ್ಟಿಗೆಯಲ್ಲಿದ್ದ ಒಂದು ಪ್ಯಾಂಟು 2022ರ ಡಿಸೆಂಬರಿನಲ್ಲಿ 1,14,000 ಡಾಲರಿಗೆ ಹೋಯಿತು. ಇದು ಸ್ಟ್ರಾಸ್ ಮಾರಿದ್ದಿರಬಹುದೆಂದು ಮಾರಾಟಗಾರರು ಹೇಳಿದರು. ಇದು ಲೀವೈಸ್ ಅಲ್ಲ ಎಂದರು ಕಂಪನಿಯ ಇತಿಹಾಸಕಾರರು. ಅದರಲ್ಲಿ ರಿವೆಟ್ ಇರಲಿಲ್ಲ. ಪೇಟೆಂಟಿಗೂ ಹದಿನಾರು ವರ್ಷ ಹಿಂದಿನ ಬಟ್ಟೆಯಲ್ಲಿ ಇರುವುದಾದರೂ ಹೇಗೆ?

ಇನ್ನೊಂದು ಹರಾಜು ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂ ಮೆಕ್ಸಿಕೋದಲ್ಲಿ ನಡೆಯಿತು. ಪಾಳುಬಿದ್ದ ಗಣಿಯಲ್ಲಿ ಸಿಕ್ಕ 1880ರ ದಶಕದ ಲೀವೈಸ್, ಹರಾಜುದಾರರ ಪಾಲು ಸೇರಿ 87,400 ಡಾಲರಿಗೆ ಮಾರಾಟವಾಯಿತು. ಮೇಣದ ಬತ್ತಿಯ ಹನಿಗಳು ಇನ್ನೂ ಅದರ ಮೇಲಿದ್ದವು. ಕತ್ತಲೆಯಲ್ಲಿ ದುಡಿದವನ ಗುರುತು. ಅದರ ಒಳಜೇಬಿನಲ್ಲಿ ಇನ್ನೊಂದು ಗುರುತೂ ಇತ್ತು. ಬಿಳಿಯರ ದುಡಿಮೆಯಿಂದ ಮಾತ್ರ ತಯಾರಾದದ್ದು ಎಂಬ ಅರ್ಥದ ಸಾಲನ್ನು ಕಂಪನಿ ಅಲ್ಲಿ ಅಚ್ಚು ಹಾಕಿತ್ತು.

ಕಾಲ ನೆನಪಿಸಿಕೊಳ್ಳಬೇಕು. ಕ್ಯಾಲಿಫೋರ್ನಿಯಾದ ರೈಲು ಹಳಿ ಹಾಸಿದವರು, ಬಟ್ಟೆ ಒಗೆದವರು, ಹೊಲಿದವರಲ್ಲಿ ಚೀನಾದಿಂದ ಬಂದ ಸಾವಿರಾರು ಜನರಿದ್ದರು. ಅವರ ಮೇಲಿನ ದ್ವೇಷ ಬೆಳೆದು 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬಾರದಂತೆ ಕಾನೂನೇ ಆಯಿತು. ಆ ಗಾಳಿಯಲ್ಲಿ ಗಿರಾಕಿಗಳನ್ನು ಒಲಿಸಲು ಹಾಕಿದ ಅಚ್ಚು ಅದು. 1890ರ ದಶಕದಲ್ಲಿ ಆ ನೀತಿಯನ್ನು ಕೈಬಿಟ್ಟೆವೆಂದು ಕಂಪನಿ ಹೇಳಿದೆ. ಬವೇರಿಯಾದಿಂದ ಬಂದವನೊಬ್ಬ, ರೀಗಾದಿಂದ ಬಂದವನೊಬ್ಬ ಸೇರಿ ಕಟ್ಟಿದ ವ್ಯಾಪಾರದಲ್ಲಿ ಚೀನಾದಿಂದ ಬಂದವನನ್ನು ಹೊರಗಿಟ್ಟೆವೆಂದು ಜಾಹೀರಾತು ಮಾಡಲಾಯಿತು. ಪರದೇಶದಲ್ಲಿ ದುಡಿದು ಬದುಕುವ ನಾವು ಈ ಸಾಲನ್ನು ಓದಿ ಸುಮ್ಮನೆ ಮುಂದೆ ಹೋಗಲಾರೆವು. ವಲಸೆ ಬಂದವನು ತನ್ನ ಹಿಂದೆ ಬಂದವನಿಗೆ ಬಾಗಿಲು ಹಾಕುವುದು ಒಂದೇ ದೇಶದ, ಒಂದೇ ಕಾಲದ ರೋಗವಲ್ಲ.

ಆದರೆ ಈ ಸತ್ಯ ನಮಗೆ ತಲುಪಿದ್ದು ಒಂದು ಹಳೆ ಪ್ಯಾಂಟು ಉಳಿದದ್ದರಿಂದ. ಕಚೇರಿಯ ಕಾಗದ ಸುಟ್ಟಿತ್ತು, ಜೀನ್ಸನ್ನು ವ್ಯಾಪಾರಕ್ಕೆ ತಂದ ಇಬ್ಬರೂ ಎಂದೋ ತೀರಿಹೋಗಿದ್ದರು. ಒಳಜೇಬು ಮಾತ್ರ ಮರೆಮಾಚಲಿಲ್ಲ.

ಇಲ್ಲಿಂದ ನಮ್ಮ ಬಳ್ಳಾರಿಯ ಕಡೆ ನೋಡಿದರೆ ಒಂದು ಯೋಚನೆ ಬರುತ್ತದೆ. ಅಲ್ಲಿನ ಮನೆಗಳಲ್ಲಿ, ಸಣ್ಣ ಶೆಡ್ಡುಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು, ಗಂಡಸರು ಜೀನ್ಸ್ ಹೊಲಿಯುತ್ತಾರೆ, ಗುಂಡಿ ಹಾಕುತ್ತಾರೆ, ದಾರ ಕತ್ತರಿಸುತ್ತಾರೆ. ಒಗೆಯುವ ಘಟಕಗಳಿಂದ ಹೊರಡುವ ನೀಲಿ ನೀರಿನ ಬಗ್ಗೆ ಅಲ್ಲಿನ ಜನ ದೂರು ಹೇಳುತ್ತಲೇ ಇದ್ದಾರೆ. ಆ ಜೀನ್ಸ್ ದೇಶದ ಊರೂರಿಗೆ ಹೋಗುತ್ತದೆ. ನೂರು ವರ್ಷದ ನಂತರ ಅದರಲ್ಲಿ ಒಂದು ಯಾರಿಗಾದರೂ ಸಿಕ್ಕರೆ, ಹೊಲಿದದ್ದು ಬಳ್ಳಾರಿಯಲ್ಲಿ, ಇಂಥವರ ಕೈಯಿಂದ ಎಂದು ಓದಲು ಅದರ ಒಳಜೇಬಿನಲ್ಲಿ ಏನಿರುತ್ತದೆ? ಗುರುತಿಲ್ಲದ ಬಟ್ಟೆಗೆ ಹಳೆಯದಾಗುವ ಭಾಗ್ಯವಿಲ್ಲ, ಅದು ಬರೀ ಚಿಂದಿಯಾಗುತ್ತದೆ.

ಹಾಗಾಗಿ ಬೇ ಏರಿಯಾದ ಮಗಳು ಮುಂದಿನ ಸಲ ಹಳೆ ಜೀನ್ಸ್ ಕೊಂಡೆ ಎಂದರೆ ನಾವು ಗದರಿಸುವುದು ಬೇಡ. ಎರಡು ಪ್ರಶ್ನೆ ಕೇಳೋಣ. ಅದು ಅಸಲಿಯೇ ಎಂದು ನೋಡಿದೆಯಾ ಮಗಳೇ? ಒಳಜೇಬು, ಹೊಲಿಗೆ, ಪಟ್ಟಿ, ರಿವೆಟ್ ಎಲ್ಲ ಸರಿಯಿದೆಯೇ? ಮೊದಲನೆಯ ಪ್ರಶ್ನೆ ಇದು, ಹಣದ ವಿಷಯ. ಎರಡನೆಯದು, ಅದನ್ನು ಹೊಲಿದವರು ಯಾರು? ಈ ಪ್ರಶ್ನೆಯನ್ನು ನಮ್ಮ ಪೆಟ್ಟಿಗೆಯಲ್ಲಿ ಬೆಲೆಚೀಟಿ ಸಮೇತ ಮಡಚಿಟ್ಟ ಹೊಸ ಜೀನ್ಸಿಗೂ ಕೇಳಬೇಕು. ಅಲ್ಲಿಯವರೆಗೆ ಆ ಒಗೆತದ ಪಟ್ಟಿಯನ್ನು ಕತ್ತರಿಸದೆ ಇಡೋಣ. ಮುಂದೆ ಯಾರಾದರೂ ಓದಿಯಾರು.